ಚಿಲಿಯವಳಾಗಲು ಒಪ್ಪದ ಅತ್ತೆ

ಹೋಟೆಲಿನ ಇಸ್ತ್ರಿ ಕೋಣೆಯ ಧಗೆ ಬಿಟ್ಟು ರಿಸೆಪ್ಷನ್ನಿನ ತಂಪಿಗೆ ಹೋಗಬೇಕಾದರೆ ಸೊಸೆ ಮರುದಿನ ಮ್ಯಾನೇಜರ್ ಎದುರು ಸ್ಪ್ಯಾನಿಷ್ ಮಾತಾಡಿ ತೋರಿಸಬೇಕಿತ್ತು. ಅಭ್ಯಾಸಕ್ಕೆ ಮನೆಯಲ್ಲಿ ಸಿಕ್ಕವರು ಅತ್ತೆ ಒಬ್ಬರೇ. ಅವರು ಅತಿಥಿಯಾಗಿ, ಪುಸ್ತಕದಲ್ಲಿದ್ದಂತೆ ‘ಸೋಯ್ ಚಿಲೇನಾ’, ಅಂದರೆ ನಾನು ಚಿಲಿಯವಳು, ಅನ್ನಬೇಕು. ಅಷ್ಟೇ.

ಅತ್ತೆ ಸುತರಾಂ ಒಪ್ಪಲಿಲ್ಲ. ಕಣ್ಣಲ್ಲೂ ಕಂಡಿರದ ದೇಶ, ಸುಳ್ಳು ಯಾಕೆ ಹೇಳಲಿ ಎಂದರು. ಹೋಗಲಿ, ಪೆರುವಿನವಳು ಅನ್ನಿ ಎಂದರೆ ಅದೂ ಆಗದು. ಸೊಸೆ ಕೈಮುಗಿದಳು, ಗೋಗರೆದಳು, ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಕಡೆಗೆ, ತಾವು ಮೆಕ್ಸಿಕೋದವರಲ್ಲವೇ ಎಂದು ತಾನೇ ಸ್ಪ್ಯಾನಿಷ್‌ನಲ್ಲಿ ಶುರುಮಾಡಿದಳು. ಮೆಕ್ಸಿಕೋ ಎಂಬುದೊಂದು ಕಿವಿಗೆ ಬಿದ್ದದ್ದೇ ಅತ್ತೆಗೆ ಇನ್ನೂ ರೇಗಿತು.

“ನಾನು ಎಲ್ಲಿಯವಳು ಅಂತ ಹೇಳೋಕೆ ನೀನ್ಯಾರೇ? ಬಾಯಿಬಿಟ್ಟು ಕೇಳು. ನಾನೇ ಹೇಳ್ತೀನಿ.”

ಈ ಮಾತು ಯಾರ ಬಾಯಿಂದ! ಮದುವೆಯಾಗಿ ಬಂದ ದಿನದಿಂದ ಸೊಸೆಯನ್ನು ‘ಆಚೆ ದಡದವಳು’ ಎಂದೇ ಕರೆಯುತ್ತಿರುವವರ ಬಾಯಿಂದ. ಹಾಲು ಉಕ್ಕಿದರೆ ಆಚೆ ದಡದವರ ಕೈಗುಣ, ನಲ್ಲಿ ಸೋರಿದರೆ ಆಚೆ ದಡದವರ ಬುದ್ಧಿ. ಆಚೆ ದಡವೆಂದರೆ ಸೇತುವೆ ದಾಟಿದರೆ ಸಿಗುವ ಬೀದಿ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಸೊಸೆ ಹಲ್ಲುಕಚ್ಚಿ ಪುಸ್ತಕ ಮುಚ್ಚಿದಳು.

ಬೆಳಿಗ್ಗೆ ಮ್ಯಾನೇಜರ್ ಪರೀಕ್ಷೆ ಗಿರೀಕ್ಷೆ ಏನೂ ಇಡಲಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಬಂದ ಹೆಂಗಸನ್ನು ಮಾತಾಡಿಸಲು ಹೇಳಿದ. ಸ್ಪ್ಯಾನಿಷ್ ಆಡುವವರೆಲ್ಲ ಅವನಿಗೆ ಸ್ಪೇನ್‌ನವರೇ. ತಾನೇ ಮುಂದಾಗಿ ‘ಎಸ್ಪಾನ್ಯೋಲಾ’, ಸ್ಪೇನ್‌ನವಳು, ಎಂದು ಹಲ್ಲುಕಿರಿದ. ಹೆಂಗಸಿನ ಮುಖ ಗಂಟಾಯಿತು. ಆ ಗಂಟು ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಥೇಟ್ ಅತ್ತೆಯದೇ.

“ದೆ ದೋಂದೆ ಎಸ್ ಉಸ್ತೆದ್?” ಎಂದು ಸೊಸೆ ಬಾಯಿಬಿಟ್ಟು ಕೇಳಿದಳು. ತಾವು ಎಲ್ಲಿಯವರು?

ಕೊಲೊಂಬಿಯಾನಾ, ಎಂದಳು ಹೆಂಗಸು. ಅದೂ ಸಾಲದೆಂಬಂತೆ ಕಲೇನ್ಯಾ, ಕಾಲಿ ಪಟ್ಟಣದವಳು, ಎಂದಳು. ಆಮೇಲೆ ಅವಳ ಬೀದಿ ಬಂತು, ಅಮ್ಮನ ಮನೆ ಬಂತು, ಮಾತು ಬಿಟ್ಟ ತಂಗಿಯೂ ಬಂದಳು. ಮುಕ್ಕಾಲು ಪಾಲು ಅರ್ಥವಾಗದಿದ್ದರೂ ಸೊಸೆ ಎಡೆಬಿಡದೆ ತಲೆಯಾಡಿಸಿದಳು. ಆ ವಿದ್ಯೆಯಲ್ಲಿ ಮನೆಯಲ್ಲೇ ಪಳಗಿದ್ದಳು. ಹೆಂಗಸು ನಗುತ್ತಾ ಕೀಲಿ ತೆಗೆದುಕೊಂಡು ಹೋದಳು. ನಾಳೆಯಿಂದ ಇಲ್ಲೇ ನಿಲ್ಲು ಎಂದ ಮ್ಯಾನೇಜರ್.

ಸಂಜೆ ಸುದ್ದಿ ಕೇಳಿದ್ದೇ ತಡ, ಅತ್ತೆ ಬಾಲ್ಕನಿಗೆ ಓಡಿ ಪಕ್ಕದ ಮನೆಯಾಕೆಯನ್ನು ಕೂಗಿದರು.

“ಕೇಳಿಸ್ತಾ? ನಮ್ಮ ಆಚೆ ದಡದವಳಿಗೆ ದೊಡ್ಡ ಕೆಲಸ ಸಿಕ್ತು. ನಾನೇ ಹೇಳಿಕೊಟ್ಟಿದ್ದು.”

ಸೊಸೆ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ಬೈಗುಳದ ಪಾಠ ಯಾವ ಪುಟದಲ್ಲಿದೆಯೆಂದು ಪುಸ್ತಕ ತಿರುವಿಹಾಕತೊಡಗಿದಳು.