ದಿಬ್ಬದ ಮೇಲಿನ ಹತ್ತೊಂಬತ್ತು ಚುಕ್ಕೆ

ಉಪಗ್ರಹದ ಚಿತ್ರದಲ್ಲಿ, ಹಳೆಯ ಊರೊಂದು ಹೂತುಹೋದ ದಿಬ್ಬದ ಮೇಲೆ, ಹತ್ತೊಂಬತ್ತು ಹೊಸ ಚುಕ್ಕೆಗಳಿದ್ದವು. ನಿಧಿಗಳ್ಳರು ತೋಡಿದ ಗುಂಡಿಗಳನ್ನು ಎಣಿಸುವುದೇ ಅವಳ ಕೆಲಸ. ಅವಳು ವರದಿ ಬರೆದರೆ ಪೊಲೀಸರು ಹೋಗುತ್ತಾರೆ. ಏಳು ವರ್ಷ ಹಿಂಜರಿಯದೆ ಸಹಿ ಹಾಕಿದವಳು ಇವತ್ತು ಕೈಕಟ್ಟಿ ಕೂತಳು. ಏಕೆಂದರೆ ಈ ದಿಬ್ಬದ ಕಾವಲುಗಾರ ಸ್ವಂತ ಅಣ್ಣ, ಆ ಕೆಲಸ ಕೊಡಿಸಿದವಳೂ ಅವಳೇ.

ಫೋನ್ ಮಾಡಿದಳು.

“ಗುಂಡೀನಾ? ನಿನ್ ಕಣ್ಣಿಗೇನಾಗಿದೆ? ಅವು ಮಣ್ಣಿನ ಗುಡ್ಡೆ ಕಣೇ,” ಅಂದ ಅಣ್ಣ.

ನೆಟ್ಟಗೆ ನೋಡಿದಳು: ಗುಂಡಿ. ಕತ್ತು ಓರೆ ಮಾಡಿದಳು: ಗುಡ್ಡೆ. ಇನ್ನೊಮ್ಮೆ ನೋಡಿದರೆ ಅರ್ಧ ಗುಂಡಿ, ಅರ್ಧ ಗುಡ್ಡೆ! ಆಕಾಶದಿಂದ ತೆಗೆದ ಚಿತ್ರದ ಹಣೆಬರಹವೇ ಅಷ್ಟು. ತಗ್ಗು ಉಬ್ಬಿದಂತೆ, ಉಬ್ಬು ತಗ್ಗಿದಂತೆ ಕಂಡು ತಲೆ ಗಿರ್ರೆನ್ನಿಸುತ್ತದೆ.

ಪಕ್ಕದ ಮೇಜಿನ ಹಿರಿಯ ನಕ್ಷೆಗಾರರಿಗೆ ಅವಳ ಕತ್ತಿನ ಕಸರತ್ತು ನೋಡಿ ನಗು ಬಂತು. “ಯಾಕಮ್ಮ ತಲೆ ಕೆಡಿಸ್ಕೋತೀಯ? ಕಾವಲು ಶೆಡ್ಡಿನ ನೆರಳು ನೋಡು. ಅದು ಬಿದ್ದಿರೋ ಕಡೆನೇ ಚುಕ್ಕೆನೂ ಕಪ್ಪಗಿದ್ರೆ ಗುಡ್ಡೆ. ಎದುರು ಕಡೆ ಕಪ್ಪಗಿದ್ರೆ ಗುಂಡಿ.”

ಶೆಡ್ಡಿನ ನೆರಳು ಪಶ್ಚಿಮಕ್ಕೆ ಬಿದ್ದಿತ್ತು. ಚುಕ್ಕೆಗಳೂ ಪಶ್ಚಿಮಕ್ಕೇ ಕಪ್ಪು, ಹತ್ತೊಂಬತ್ತೂ! ಹೋದ ಜೀವ ಬಂದಂತಾಯಿತು. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೊತ್ತವನನ್ನು ಅನುಮಾನಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ‘ಹೊಸ ಗುಂಡಿಗಳು’ ಎಂಬಲ್ಲಿ ಸೊನ್ನೆ ಬರೆದಳು.

ಸಹಿ ಹಾಕಬೇಕು, ಕೈ ಮುಂದಕ್ಕೆ ಹೋಗಲಿಲ್ಲ. ಗುಡ್ಡೆಯೇನೋ ಸರಿ, ಅಷ್ಟು ಮಣ್ಣು ಎಲ್ಲಿಂದ ಬಂತು? ದಿಬ್ಬದಲ್ಲಿ ಎಲ್ಲೂ ಗುಂಡಿಯಿಲ್ಲ, ಸುತ್ತ ದಾರಿಯಲ್ಲಿ ಲಾರಿಯ ಗುರುತೂ ಇಲ್ಲ. ಏನೊಂದೂ ತಿಳಿಯದೆ ಹೋದ ತಿಂಗಳ ಚಿತ್ರ ತೆಗೆದು ಪಕ್ಕದಲ್ಲಿಟ್ಟಳು. ಚುಕ್ಕೆಗಳನ್ನು ಬಿಟ್ಟರೆ ಎಲ್ಲ ಇದ್ದ ಹಾಗೇ ಇತ್ತು, ಶೆಡ್ಡಿನ ತಗಡಿನ ಮಾಡು ಮಾತ್ರ ಈಗ ಎರಡರಷ್ಟಾಗಿತ್ತು.

ಮತ್ತೆ ಫೋನ್ ಮಾಡಿದಳು. “ಅಣ್ಣಾ, ಶೆಡ್ಡು ಯಾಕೆ ದೊಡ್ಡದು ಮಾಡ್ದೆ?”

ಆ ಕಡೆ, ತಗಡಿನ ಕೆಳಗೆಲ್ಲೋ ಗುದ್ದಲಿ ಮಣ್ಣಿಗೆ ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

“ಅದೂ ಕಾಣುತ್ತಾ ಮೇಲಿಂದ?” ಎಂದ ಅಣ್ಣ.

ಅವಳು ಸೊನ್ನೆ ಅಳಿಸಿದಳು. ಒಂದು ಎಂದು ಬರೆದಳು. ಅಳು ಬಂತು, ಯಾರ ಮೇಲಿನ ಸಿಟ್ಟಿಗೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಫೋನ್ ಇನ್ನೂ ಕಿವಿಯಲ್ಲೇ ಇತ್ತು.