ಅಕ್ಕ ನೋಡಿದ ಗಂಡು

ಕಿರಿಯವಳಿಗೆ ಕಣ್ಣಿನ ಪರೀಕ್ಷೆಯ ಡಿಗ್ರಿ ಓದಲು ಸೀಟು ಸಿಕ್ಕಿದ್ದೇ ತಡ, ವಿದೇಶದಲ್ಲಿದ್ದ ಅಕ್ಕನಿಗೆ ತಂಗಿಯ ಮದುವೆಯ ಚಿಂತೆ ಹತ್ತಿಕೊಂಡಿತು. ತಿಂಗಳಿಗೊಮ್ಮೆ ಫೋನ್ ಮಾಡಿದರೆ ಹೆಚ್ಚು ಅನ್ನುವಂತಿದ್ದವಳು ಈಗ ದಿನ ಬಿಟ್ಟು ದಿನ ವಿಡಿಯೋದಲ್ಲಿ ಹಾಜರು.

"ಓದು ಎಲ್ಲೂ ಓಡಿಹೋಗಲ್ಲ ಕಣೇ. ಇಲ್ಲಿಗೆ ಬಂದು ನಮ್ಮನೇಲಿರು. ಗಂಡು ಹುಡುಕೋದು ನನ್ನ ಜವಾಬ್ದಾರಿ."

"ಗಂಡು ಓಡಿಹೋಗ್ತಾನಾ ಹಾಗಾದ್ರೆ?"

"ನಿನ್ನ ನಾಲಿಗೆ ನೋಡಿದ್ರೆ ಓಡಿಹೋದಾನು."

ಕಿರಿಯವಳು ನಕ್ಕಳು. ಕನ್ನಡಕದಂಗಡಿಯ ಕೆಲಸದಲ್ಲಿ ನಿಂತು ನಿಂತು ಕಾಲು ಸವೆಸಿದ ಮೇಲೆ ಸಿಕ್ಕ ಸೀಟದು. ಅಂಗಡಿಯ ಯಜಮಾನರು ಆಗಲೇ "ಡಾಕ್ಟ್ರಮ್ಮಾ" ಅಂತ ರೇಗಿಸಲು ಶುರುಮಾಡಿದ್ದರು. ಸೋಮವಾರದೊಳಗೆ ಕಾಲೇಜಿಗೆ ಸೇರಿಕೊಳ್ಳದಿದ್ದರೆ ಅದು ಬೇರೆಯವರ ಪಾಲು.

ಅವಳಿಗೆ ಅರ್ಥವಾಗದ್ದು ಅಮ್ಮ. ಓದಿಸಿಯೇ ತೀರುತ್ತೇನೆ ಅಂತ ನೆಂಟರಿಷ್ಟರ ಜೊತೆಯೆಲ್ಲ ಜಗಳಕ್ಕೆ ನಿಂತಿದ್ದ ಅಮ್ಮ ಈಚೆಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕೇಳಿದರೆ, "ಅಕ್ಕ ಹೇಳಿದ ಹಾಗೆ ಕೇಳು" ಅನ್ನುವಳು, ಅಷ್ಟೆ.

ಒಂದು ದಿನ ಅಕ್ಕ ಫೋನ್ ಹಿಡಿದುಕೊಂಡು ಮನೆಯೆಲ್ಲ ತೋರಿಸಿದಳು. ಒಲೆಯ ಈ ಬದಿ ಬೇಗ ಹೊತ್ತಿಕೊಳ್ಳಲ್ಲ. ಮಗಳು ಹಾಲಿನ ಕೆನೆ ಕಂಡರೆ ಲೋಟ ದೂಡುತ್ತಾಳೆ. ಭಾವನ ಅಂಗಿಗೆ ಮೊದಲು ಕಾಲರಿನ ಇಸ್ತ್ರಿಯಾಗಬೇಕು.

"ನಾನೇನು ನಿಮ್ಮನೆ ಕೆಲಸಕ್ಕೆ ಬರ್ತಿದ್ದೀನೇನೇ?"

ಅಕ್ಕ ನಗಲು ಹೋಗಿ ಏದುಸಿರು ಬಿಡುತ್ತ ಮಂಚದ ಅಂಚಿಗೆ ಕೂತಳು.

"ಹೋಗಲಿ, ಗಂಡಿನ ವಿಚಾರ ಹೇಳು. ತಲೇಲಿ ಕೂದಲಾದ್ರೂ ಇದೆಯಾ?"

"ಇದೆ. ಕಿವಿ ಹತ್ರ ಒಂಚೂರು ನರೆತಿದೆ."

"ಅಯ್ಯೋ, ವಯಸ್ಸೆಷ್ಟು?"

"ಒಳ್ಳೆಯವನು ಕಣೇ," ಅಂದಳು ಅಕ್ಕ.

ಕನ್ನಡಕದ ಫ್ರೇಮಿನ ಮೇಲಂಚು ಹುಬ್ಬಿನ ಗೆರೆಗೆ ಹೊಂದಬೇಕು. ಹಾಗಾಗಿ ಯಾರೇ ಎದುರಿಗೆ ಬಂದರೂ ಕಿರಿಯವಳ ಕಣ್ಣು ಮೊದಲು ಹೋಗುವುದು ಹುಬ್ಬಿಗೆ. ಶುಕ್ರವಾರ ಸಂಜೆ ಅಕ್ಕ ಪರದೆಯ ಮೇಲೆ ಬಂದಾಗಲೂ ಅಲ್ಲಿಗೇ ಹೋಯಿತು. ಎಡಗಡೆಯದಕ್ಕಿಂತ ಬಲಗಡೆಯದು ಮೇಲಿತ್ತು. ಮೊನ್ನೆ ಹಾಗಿರಲಿಲ್ಲ. ನೋಡುತ್ತಿದ್ದಂತೆ ಅಕ್ಕ ಹಣೆಯ ಬೆವರನ್ನು ಮುಂಗೈಯಿಂದ ಒರೆಸಿಕೊಂಡಳು. ಬರೆದ ಅರ್ಧ ಹುಬ್ಬು ಅಳಿಸಿ ಕೈಗೆ ಬಂತು. ಕೆಳಗೆ ಒಂದು ಕೂದಲೂ ಇಲ್ಲದ ನುಣ್ಣನೆಯ ಚರ್ಮ.

"ಅಕ್ಕ, ಚಳಿ ಅಂತ ತಲೆಗೆ ಕಟ್ಟಿದೀಯಲ್ಲ, ಆ ಬಟ್ಟೆ ತೆಗಿ."

ಅಕ್ಕ ತೆಗೆಯಲಿಲ್ಲ. ಕಿರಿಯವಳು ತಿರುಗಿ ನೋಡಿದಳು. ಅಮ್ಮ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ.

"ನಿಂಗೆ ಗೊತ್ತಿತ್ತಾ ಅಮ್ಮಾ?"

"ಡಾಕ್ಟರು ಕೈಚೆಲ್ಲಿದ್ದಾರೆ," ಅಂದಳು ಅಮ್ಮ. "ಮಗು ಸಣ್ಣದು. ಹೊರಗಿನವಳು ಬಂದ್ರೆ ನೋಡ್ಕೋತಾಳಾ?"

ಹೊರಗಿನವಳು. ಕಿರಿಯವಳಿಗೆ ಭಾವನ ಮುಖ ಕಣ್ಮುಂದೆ ಬಂತು, ಕಿವಿಯ ಪಕ್ಕದ ನರೆಯೂ ಬಂತು.

"ನಾನಿರುವಾಗ್ಲೇ ನೀನು ಈ ಮನೆಗೆ ಒಗ್ಗಿಕೊಂಡುಬಿಟ್ರೆ ನಂಗೆ ನೆಮ್ಮದಿ," ಅಂದಳು ಅಕ್ಕ, ಗಂಜಿ ಕುಡಿದೆ ಅನ್ನುವಷ್ಟೇ ಸಲೀಸಾಗಿ.

ಅವಳ ಮೇಲೆ ಸಿಟ್ಟು ಮಾಡಲೂ ಕಿರಿಯವಳಿಗೆ ಆಗಲಿಲ್ಲ. "ನಿನ್ನ ನೋಡ್ಕೊಳ್ಳೋಕೆ ಬರ್ತೀನಿ ಅಕ್ಕ. ಸೋಮವಾರ ಕಾಲೇಜಿಗೆ ಸೇರಿ, ರಜೆ ಕೇಳ್ಕೊಂಡು ಬರ್ತೀನಿ. ವಾಪಸ್ ಬರೋ ಟಿಕೆಟ್ ತಗೊಂಡೇ ಹೊರಡ್ತೀನಿ. ಮದುವೆ ಮಾತು ಮಾತ್ರ ಬೇಡ."

ಅಕ್ಕ ತಲೆಯಾಡಿಸಿದಂತೆ ಕಂಡಿತು. ಅಷ್ಟರಲ್ಲಿ ಚಿತ್ರ ಅಲುಗಾಡಿ, ಪರದೆ ತುಂಬ ಬಿಳಿ ಅಂಗಿ ಬಂತು. ಭಾವ ಇಷ್ಟು ಹೊತ್ತೂ ಆ ಕೋಣೆಯಲ್ಲೇ ಇದ್ದ.

"ಟಿಕೆಟ್ ಆಗಿದೆಯಲ್ಲಮ್ಮ, ನಾಡಿದ್ದು ಭಾನುವಾರಕ್ಕೆ," ಅಂದ, ಮೆಲ್ಲಗೆ. "ಇಲ್ಲಿಗೆ ಬರೋದು ಮಾತ್ರ. ಅತ್ತೆ ಹೇಳಲಿಲ್ವಾ?"

ಕಿರಿಯವಳು ಫೋನನ್ನು ಮಗುಚಿಟ್ಟು ಎದ್ದಳು. ಕಾಲೇಜಿಗೆ ಕೊಡಬೇಕಾದ ಅಂಕಪಟ್ಟಿ ಕಪಾಟಿನಲ್ಲಿತ್ತು.

"ಪಕ್ಕಕ್ಕೆ ಸರಿ ಅಮ್ಮಾ."

"ಬೆಳಗ್ಗೆ ಮಾತಾಡೋಣ. ಮೊದಲು ಊಟ ಮಾಡು," ಅಂದಳು ಅಮ್ಮ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕಪಾಟಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದವಳು ನಿಂತ ಜಾಗದಿಂದ ಕದಲಲಿಲ್ಲ.