ನಾಲ್ಕು ತುಂಡಿಗೆ ಮೂರು ಕೊಯ್ತ

“ಅಷ್ಟೂ ಗೊತ್ತಾಗಲ್ವಾ ನಿಮಗೆ? ಒಂದು ಸರಳನ್ನ ಎರಡು ತುಂಡು ಮಾಡೋಕೆ ಹತ್ತು ನಿಮಿಷ. ನಾಲ್ಕು ತುಂಡಿಗೆ ಇಪ್ಪತ್ತು. ನಮ್ಮನೆ ಪಾಪು ಕೂಡ ಹೇಳುತ್ತೆ!”

ಹೊಸ ಮ್ಯಾನೇಜರು ಉತ್ತರದ ಹಾಳೆಯನ್ನು ಬೀಸಣಿಗೆಯ ಹಾಗೆ ಆಡಿಸುತ್ತಾ ಹೀಗೆಂದಾಗ, ಕಬ್ಬಿಣದ ಸರಳು ಕೊಯ್ಯುವ ಆ ಶೆಡ್ಡಿನ ಅಷ್ಟೂ ಕಣ್ಣು ಅಕ್ಕನ ಮೇಲೆ ಬಿದ್ದವು. ಅಕ್ಕ ಎಂದರೆ ಶೆಡ್ಡಿಗೆಲ್ಲ ಅಕ್ಕ. ಒಡಹುಟ್ಟಿದ ತಮ್ಮ ಮಾತ್ರ ಒಬ್ಬನೇ, ಪಕ್ಕದ ಯಂತ್ರದವನು. ಕೈಕಾಲು ಹಿಡಿದು ಅವನನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ಹದಿನೆಂಟು ವರ್ಷ ಗರಗಸದ ಯಂತ್ರದ ಮುಂದೆ ನಿಂತೂ ನಿಂತೂ ಅವಳ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಹೀಗೇ ನಿಂತರೆ ಕಾಲೇ ಕೈಕೊಡುತ್ತದೆ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಅಲ್ಲಿ ಕೂತು ಮಾಡುವ ಕೆಲಸ ಒಂದೇ, ಮೇಸ್ತ್ರಿಯದು. ಹಳೇ ಮೇಸ್ತ್ರಿ ಕೆಲಸ ಬಿಟ್ಟ ಮೇಲೆ ಅವನ ಮರದ ಕುರ್ಚಿ ಖಾಲಿ ಬಿದ್ದಿತ್ತು. ಅದು ಅಕ್ಕನಿಗೇ ಎಂದು ಎಲ್ಲರೂ ಅಂದುಕೊಂಡಿದ್ದಾಗ ಮ್ಯಾನೇಜರು ಪರೀಕ್ಷೆ ಇಟ್ಟರು. ಫೋನಿನಲ್ಲಿ ಉತ್ತರದ ಸಮೇತ ಸಿಕ್ಕು, ಹಾಳೆಗೆ ಅಚ್ಚು ಹಾಕಿಸಿದ ಹತ್ತು ಲೆಕ್ಕದ ಒಗಟು. ಒಂಬತ್ತು ಅಕ್ಕನದೂ ಸರಿ, ತಮ್ಮನದೂ ಸರಿ. ಹತ್ತನೆಯದಕ್ಕೆ ಅಕ್ಕ ಮೂವತ್ತು ಎಂದು ಬರೆದಿದ್ದಳು, ತಮ್ಮ ಇಪ್ಪತ್ತು.

“ಸಾರ್, ಒಂದು ಮಾತು,” ಎಂದಳು ಅಕ್ಕ. “ನಿಮ್ಮ ಲೆಕ್ಕದಲ್ಲಿ ಒಂದು ತುಂಡಿಗೆ ಎಷ್ಟು ನಿಮಿಷ?”

“ಐದು. ಅದನ್ನೂ ಕೇಳ್ಬೇಕಾ?”

“ಲಾರಿಯಿಂದ ಇಳಿಯುವಾಗಲೇ ಅದು ಒಂದು ತುಂಡು ಸಾರ್. ಅದಕ್ಕ್ಯಾಕೆ ಐದು ನಿಮಿಷ? ಮುಟ್ಟಿ ನಮಸ್ಕಾರ ಮಾಡೋಕಾ?”

ಶೆಡ್ಡು ಗೊಳ್ಳೆಂದಿತು. ಲೇತ್ ಯಂತ್ರದ ಮುದುಕನಂತೂ ಕೆಮ್ಮು ಬರುವವರೆಗೆ ನಕ್ಕ. ಅಕ್ಕನಿಗೂ ನಗು ಉಕ್ಕಿತು, ಆದರೆ ಮ್ಯಾನೇಜರ ಕಿವಿ ಕೆಂಪಾದದ್ದು ಕಂಡದ್ದೇ ಸೆರಗಿನಿಂದ ಬಾಯಿ ಒರೆಸಿಕೊಂಡಳು. ತನ್ನ ನಾಲಿಗೆಯನ್ನು ಒಂದು ಗಳಿಗೆ ಹಿಡಿದುಕೊಂಡಿದ್ದರೆ!

“ಎಣಿಸಿ ತೋರಿಸ್ತೀನಿ ಸಾರ್, ಕೊಯ್ಯೋದು ಮೂರೇ ಸಲ...”

“ಉತ್ತರ ಇಲ್ಲಿ ಅಚ್ಚಾಗಿದೆ,” ಎಂದು ಮ್ಯಾನೇಜರು ಹಾಳೆ ಮಡಚಿದರು. “ಮೇಸ್ತ್ರಿ ಆಗೋರಿಗೆ ಲೆಕ್ಕವೂ ಬರ್ಬೇಕು, ಮರ್ಯಾದೆಯೂ ಗೊತ್ತಿರ್ಬೇಕು. ಕುರ್ಚಿ ನಿಮ್ಮ ತಮ್ಮನಿಗೆ.”

ಊಟದ ಬಿಡುವಿನಲ್ಲಿ ತಮ್ಮ ಕೈ ತೊಳೆಯುವ ನಲ್ಲಿಯ ಹತ್ತಿರ ಸಿಕ್ಕ. ಅಕ್ಕ ಸುತ್ತಿಬಳಸಲಿಲ್ಲ.

“ನಿಜ ಹೇಳೋ. ನಿಂಗೆ ಗೊತ್ತಿರಲಿಲ್ವಾ?”

“ಗೊತ್ತಿಲ್ದೆ ಏನಕ್ಕ? ಚಿಕ್ಕವನಿದ್ದಾಗ ಸೀಮೆಸುಣ್ಣ ಮುರಿದು ಮುರಿದು ಹೇಳಿಕೊಟ್ಟಿದ್ದೇ ನೀನು. ನಾಲ್ಕು ತುಂಡು, ಮೂರು ಸಲ ಮುರೀಬೇಕು ಅಂತ.”

“ಮತ್ತೆ?”

“ಸಾಹೇಬ್ರ ತಲೇಲಿ ಏನಿದೆಯೋ ಅದನ್ನ ಬರೆದೆ. ನೀನು ಸರಳು ನೋಡ್ಕೊಂಡು ಬರೆದೆ, ನಾನು ಮುಖ ನೋಡ್ಕೊಂಡು ಬರೆದೆ. ತಪ್ಪಾ?”

ಅಕ್ಕ ಸುರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಲು ತಿರುಗಿಸಿದಳು. ನೀರು ನಿಂತ ಮೇಲೂ ತಿರುಗಿಸುತ್ತಲೇ ಇದ್ದಳು.

ಎರಡು ದಿನಕ್ಕೆ ಗೋಡೆಯ ಮೇಲೆ ಹೊಸ ಬೋರ್ಡು ಬಂತು: ನಾಲ್ಕು ತುಂಡಿಗೆ ಇಪ್ಪತ್ತು ನಿಮಿಷ, ತಡವಾದರೆ ಕೆಂಪು ಗುರುತು, ಮೂರು ಗುರುತಿಗೆ ಕೆಲಸವಿಲ್ಲ. ಕೆಳಗೆ ತಮ್ಮನ ಸಹಿ. ಅಕ್ಕ ಅದನ್ನು ಎರಡು ಸಲ ಓದಿ ಕುರ್ಚಿಯ ಎದುರು ಹೋಗಿ ನಿಂತಳು.

“ಯಂತ್ರ ಒಂದು ಕೊಯ್ತಕ್ಕೆ ಹತ್ತು ನಿಮಿಷ ತಗೊಳ್ಳುತ್ತೆ. ನನ್ನ ಕೈಯಲ್ಲೇನಿದೆ ಹೇಳು? ಬಾಕಿ ಹತ್ತು ನಿಮಿಷ ಎಲ್ಲಿಂದ ತರ್ಲೋ?”

“ಸ್ವಲ್ಪ ಚುರುಕು ಮಾಡ್ಕೋಬೇಕು,” ಎಂದ ಅವನು, ತಲೆ ಎತ್ತದೆ. ಮತ್ತೆ ಏನೋ ನೆನಪಾದವನಂತೆ, ದನಿ ತಗ್ಗಿಸಿ ಸೇರಿಸಿದ: “ಮತ್ತೆ, ಎಲ್ಲರ ಮುಂದೆ ಏನೋ ಗೀನೋ ಅನ್ಬೇಡಕ್ಕ. ಮೇಸ್ತ್ರಿ ಅನ್ನು.”

“ಆಯ್ತು ಮೇಸ್ತ್ರಿ,” ಎಂದಳು ಅಕ್ಕ.

ಹೋಗಿ ಸರಳು ಬಿಗಿದು ಗುಂಡಿ ಒತ್ತಿದಳು. ಬಿಸಿಯಾಗದಂತೆ ಎಣ್ಣೆನೀರು ಸುರಿಯಿತು, ಗರಗಸ ತನ್ನ ಪಾಡಿಗೆ ಹೋಗಿ ಬಂದು ಹೋಗಿ ಬಂದು ಮಾಡಿತು. ಅವಳು ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಹಾಕಿದಳು, ಮತ್ತೆ ಎಡಗಾಲಿಗೆ. ಇಪ್ಪತ್ತು ನಿಮಿಷಕ್ಕೆ ಮೇಸ್ತ್ರಿಯ ಮೇಜಿನ ಗಡಿಯಾರ ಕಿರುಚಿದಾಗ ತಟ್ಟೆಯಲ್ಲಿ ಬಿದ್ದಿದ್ದುದು ಎರಡು ತುಂಡು. ಯಂತ್ರದ ಹಿಡಿತದಲ್ಲಿ ಇನ್ನೊಂದು, ಎರಡು ತುಂಡಿನಷ್ಟು ಉದ್ದದ್ದು.

ತಮ್ಮ ಕೆಂಪು ಪೆನ್ನು ಎತ್ತಿಕೊಂಡ. ಶಾಯಿ ಮೂಡಲಿಲ್ಲ. ಎರಡು ಸಲ ಜಾಡಿಸಿ, ಬೆರಳ ಮೇಲೆ ಗೀಚಿ ನೋಡಿ, ಆಮೇಲೆ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ ಗುರುತು ಹಾಕಿದ.